ನಳಿಗೆಗಿಂತ ಕೂದಲೆಳೆ ದಪ್ಪ

1857ರ ದಂಗೆ ಎಂದೊಡನೆ ನೆನಪಾಗುವುದು ತೋಟಾಕ್ಕೆ ಸವರಿದ ಕೊಬ್ಬು. ಅದು ದನದ್ದೋ ಹಂದಿಯದೋ ಎಂಬ ಶಂಕೆ, ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕೆಂಬ ಕವಾಯತು, ಮಾರ್ಚ್ 29ರಂದು ಬರಕ್‌ಪುರದಲ್ಲಿ ಮಂಗಲ್ ಪಾಂಡೆ ಎತ್ತಿದ ಕೋವಿ, ಇಷ್ಟನ್ನು ಶಾಲೆಯಲ್ಲೇ ಓದಿರುತ್ತೇವೆ. ಆದರೆ ಆ ತೋಟಾಕ್ಕೆ ಜಿಡ್ಡು ಬೇಕಾದದ್ದಾದರೂ ಯಾಕೆ? ಎನ್‌ಫೀಲ್ಡ್ ರೈಫಲಿನ ನಳಿಗೆಯ ಒಳ ಅಗಲ 0.577 ಇಂಚು. ಅದಕ್ಕೆಂದು ಮಾಡಿದ ಸೀಸದ ಗುಂಡು 0.568 ಇಂಚು. ನಡುವೆ ಉಳಿದ ಸಂದು ಕಾಲು ಮಿಲಿಮೀಟರಿಗೂ ಕಡಿಮೆ. ಗುಂಡಿಗೆ ಸುತ್ತಿದ ಕಾಗದವೂ ಅಷ್ಟರೊಳಗೇ ಹಿಡಿಸಬೇಕು. ಬಾಯಿಯಿಂದ ಬುಡದವರೆಗೆ ಗಜದಲ್ಲಿ ತಳ್ಳಿ ಇಳಿಸುವ ಕೋವಿಯಲ್ಲಿ ಇಷ್ಟು ಬಿಗಿಯಾದ ಗುಂಡು ಜಿಡ್ಡಿಲ್ಲದೆ ಜಾರುವುದಿಲ್ಲ.

ಇಂಗ್ಲೆಂಡಿನ ತಂಪಿನಲ್ಲಿ ಸಲೀಸಾಗಿ ಇಳಿದ ಗುಂಡು ಇಲ್ಲಿಯ ಬಿಸಿಲಿನಲ್ಲಿ ಹಟ ಹಿಡಿಯಿತು. ಜಿಡ್ಡು ಕರಗಿ ಕಾಗದಕ್ಕೆ ಇಂಗುತ್ತಿತ್ತು, ಸುಟ್ಟ ಮದ್ದಿನ ಕಿಟ್ಟ ನಳಿಗೆಯೊಳಗೆ ಒಣಗಿ ಗಟ್ಟಿಯಾಗುತ್ತಿತ್ತು. ಕೆಲವು ಈಡು ಹಾರಿಸಿದ ಮೇಲೆ ಮುಂದಿನ ಗುಂಡು ನಡುದಾರಿಯಲ್ಲೇ ಕಚ್ಚಿಕೊಳ್ಳುತ್ತಿತ್ತು. ಆ ಯುದ್ಧದ ಅನುಭವದ ಮೇಲೆ ಬ್ರಿಟಿಷರು ಗುಂಡನ್ನೇ 0.55 ಇಂಚಿಗೆ ಇಳಿಸಿದರು. ಅದರ ಬುಡದಲ್ಲಿ ಪೊಳ್ಳು ಬಿಟ್ಟು ಬಿರಡೆ ಕೂರಿಸಿದ್ದರಿಂದ, ಸಡಿಲವಾಗಿ ಇಳಿದ ಗುಂಡು ಮದ್ದು ಸಿಡಿದಾಗ ಹಿಗ್ಗಿ ನಳಿಗೆಯನ್ನು ತುಂಬುತ್ತಿತ್ತು. ಮೊದಲೇ ಹೀಗೆ ಮಾಡಿದ್ದರೆ ದಂಗೆಯೇ ಆಗುತ್ತಿರಲಿಲ್ಲ ಎನ್ನಲಾಗದು. ಅದಕ್ಕೆ ಬೇರೆ ಕಾರಣಗಳು ಬೇಕಾದಷ್ಟಿದ್ದವು. ಆದರೂ ಒಂದು ಸಾಮ್ರಾಜ್ಯದ ಸೈನ್ಯವೇ ಗುಂಡಿನ ಅಳತೆಯನ್ನು ಮತ್ತೆ ಲೆಕ್ಕ ಹಾಕಬೇಕಾಯಿತು ಎಂಬುದು ಸಣ್ಣ ಮಾತಲ್ಲ.

ಇದಕ್ಕೂ ಮುಂಚಿನ ಸಿಪಾಯಿಗಳ ಬ್ರೌನ್ ಬೆಸ್ ಕೋವಿಗೆ ಈ ತಾಪತ್ರಯವೇ ಇರಲಿಲ್ಲ. ನಳಿಗೆ ಮುಕ್ಕಾಲು ಇಂಚು, ಗುಂಡು 0.69 ಇಂಚು. ಕಿಟ್ಟ ಕಟ್ಟಿದರೂ ಗುಂಡು ತಾನಾಗಿ ಉರುಳಿ ಇಳಿಯುತ್ತಿತ್ತು, ಗುರಿ ಮಾತ್ರ ದೇವರಿಗೇ ಪ್ರೀತಿ. ಆಮೇಲೆ ಬಂದ ಬೇಕರ್ ರೈಫಲಿಗೆ ಜಿಡ್ಡು ಸವರಿದ ತೊಗಲಿನ ತುಂಡು ಸುತ್ತಿ ಬಿಗಿಯಾದ ಗುಂಡು ಹಾಕುತ್ತಿದ್ದರು. ಅದನ್ನು ಬಡಿದು ಇಳಿಸಲೆಂದು ಮೊದಮೊದಲು ಸೈನಿಕರಿಗೆ ಪುಟ್ಟ ಮರದ ಕೊಡತಿಯನ್ನೂ ಕೊಟ್ಟಿದ್ದರು. ಸ್ವಲ್ಪ ಕಾಲದಲ್ಲೇ ಆ ಕೊಡತಿಯನ್ನು ಕೈಬಿಟ್ಟರು.

ನಮ್ಮ ಕಡೆಗೆ ಬಂದರೆ, 1857ರ ನಿರಾಯುಧೀಕರಣ ಕಾಯ್ದೆ ಕೋವಿಯನ್ನು ಮನೆ ಮನೆಯ ಪ್ರಶ್ನೆ ಮಾಡಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ಆ ವರ್ಷದ ನವೆಂಬರಿನಲ್ಲಿ ತಿರುಗಿಬಿದ್ದರು, ಊರು ಸುಟ್ಟಿತು, ಮುಂದಾಳುಗಳು ಗಲ್ಲಿಗೇರಿದರು. ಕೊಡಗಿನಲ್ಲಿ ಆದದ್ದು ಇದಕ್ಕೆ ತೀರಾ ಬೇರೆ. 1861ರಲ್ಲಿ ಕೊಡವರಿಗೆ ಆ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯಲ್ಲೂ ಅದು ಉಳಿದುಬಂತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ದಿನ ಐನ್‌ಮನೆಗಳಲ್ಲಿ ಕೋವಿಗಳನ್ನು ತೊಳೆದು ಒರೆಸಿ ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ಕೆಂಪು ಹಳದಿಯ ತೋಕ್ ಪೂ ಹೂವನ್ನು ಸಿಕ್ಕಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಪುತ್ತರಿ ಹಬ್ಬದಲ್ಲಿ ಕದಿರು ಕೊಯ್ಯುವಾಗಲೂ ಈಡು ಕೇಳಬೇಕು. ಮಲೆನಾಡು, ಕರಾವಳಿಯ ತೋಟದ ಮನೆಗಳಲ್ಲಿ ಬೆಳೆ ಕಾಯಲು ಪರವಾನಗಿ ಪಡೆದ ಕೋವಿಗಳಿವೆ, ಚುನಾವಣೆ ಬಂತೆಂದರೆ ಅವು ಠಾಣೆಗೆ ಹೋಗುತ್ತವೆ.

ಬಾಯಿಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹಾರಿಸುವ ಕೋವಿಯ ಕಾಲದಲ್ಲಿ ಗುಂಡು ಅಂಗಡಿಯಿಂದ ಬರುತ್ತಿರಲಿಲ್ಲ. ಇಕ್ಕಳದಂತೆ ತೆರೆದು ಮುಚ್ಚುವ ಎರಡು ಹೋಳಿನ ಅಚ್ಚಿಗೆ ಕರಗಿದ ಸೀಸ ಹೊಯ್ದು, ಆರಿದ ಮೇಲೆ ಬಾಲ ಕತ್ತರಿಸಿ ತೆಗೆಯುತ್ತಿದ್ದರು. ಸೀಸ 327 ಡಿಗ್ರಿಗೆ ಕರಗುತ್ತದೆ, ಒಲೆಯ ಬೆಂಕಿಯೇ ಸಾಕು. ಅದರ ಹೊಗೆ ವಿಷ. ಒಂದು ಹನಿ ನೀರು ಬಿದ್ದರೂ ಸೀಸ ಸಿಡಿಯುತ್ತದೆ. ಹೀಗೆ ತೆಗೆದ ಗುಂಡು ನಳಿಗೆಗೆ ದಪ್ಪವಾಗುವುದಕ್ಕೆ ಅಚ್ಚೇ ಕಾರಣವಿರಬಹುದು. ಹೋಳುಗಳ ನಡುವೆ ಸೀಸದ ಒಂದು ಚೂರು ಅಂಟಿದ್ದರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಗುಂಡು ಒಂದು ಕಡೆಗೆ ಮೊಟ್ಟೆಯಾಗುತ್ತದೆ. ಒಂದೇ ಕಡೆ ಅಳೆದವರಿಗೆ ಅಳತೆ ಸರಿಯಾಗಿಯೇ ಕಾಣುತ್ತದೆ, ಅಡ್ಡಕ್ಕೆ ಹಿಡಿದಾಗಲೇ ಬಣ್ಣ ಬಯಲು.

ಲೋಹದ ಬೆರಕೆಯಿಂದಲೂ ಗುಂಡು ದಪ್ಪವಾಗುತ್ತದೆ, ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಶುದ್ಧ ಸೀಸ ಆರುವಾಗ ಚೆನ್ನಾಗಿ ಕುಗ್ಗುತ್ತದೆ. ಆಂಟಿಮನಿ ಬೆರೆತ ಸೀಸ ಕುಗ್ಗುವುದು ಕಡಿಮೆ, ಗಟ್ಟಿಯೂ ಹೆಚ್ಚು. ಹಳೆಯ ಮುದ್ರಣಾಲಯಗಳಲ್ಲಿ ಅಕ್ಷರದ ಮೊಳೆಗಳನ್ನು ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ಯುತ್ತಿದ್ದದ್ದೇ ಇದಕ್ಕಾಗಿ. ಒತ್ತಕ್ಷರದ ಕೊಂಬು, ಸುಳಿಗಳೆಲ್ಲ ಅಚ್ಚಿನಲ್ಲಿದ್ದಷ್ಟೇ ಚೂಪಾಗಿ ಬರಬೇಕಿತ್ತು. ಅಕ್ಷರಕ್ಕೆ ವರವಾದ ಈ ಗುಣ ಗುಂಡಿಗೆ ಶಾಪ. ಅದೇ ಅಚ್ಚಿನಲ್ಲಿ ಬೆರಕೆ ಸೀಸದ ಗುಂಡು ಶುದ್ಧ ಸೀಸದ್ದಕ್ಕಿಂತ ಒಂದು ಕೂದಲೆಳೆ ದಪ್ಪ ಬರುತ್ತದೆ, ಮೆತ್ತಗಿಲ್ಲದ್ದರಿಂದ ಗಜದ ಒತ್ತಡಕ್ಕೆ ಬಗ್ಗುವುದೂ ಇಲ್ಲ.

ಕೆಲವು ಸಲ ಗುಂಡು ಸರಿಯಾಗಿಯೇ ಇರುತ್ತದೆ, ನಳಿಗೆ ಸಣ್ಣದಾಗಿರುತ್ತದೆ. ಕರಿಮದ್ದು ಸುಟ್ಟಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಕಿಟ್ಟವಾಗಿ ಉಳಿಯುತ್ತದೆ. ಈ ಕಿಟ್ಟ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ನಮ್ಮ ಮಳೆಗಾಲದಲ್ಲಂತೂ ಎರಡು ದಿನ ತೊಳೆಯದೆ ಬಿಟ್ಟ ನಳಿಗೆಯ ಗತಿ ಹೇಳುವುದೇ ಬೇಡ. ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರುವುದನ್ನು ಹಳಬರು ತಪ್ಪಿಸುತ್ತಿರಲಿಲ್ಲ.

ತೋಟಾ ಕೋವಿಗೆ ಬಂದರೆ ಲೆಕ್ಕವೇ ಬೇರೆ. ಎಲ್ಲರ ಬಾಯಲ್ಲೂ ಇರುವ ‘ಹನ್ನೆರಡು ಬೋರು’ ಎಂಬುದೇ ಸೀಸದ ಗುಂಡಿನ ಅಳತೆ. ಒಂದು ಪೌಂಡ್ ಸೀಸದಿಂದ ಒಂದೇ ಸಮನೆ ಹನ್ನೆರಡು ಗುಂಡು ಮಾಡಿದರೆ ಒಂದೊಂದೂ ಸುಮಾರು 38 ಗ್ರಾಂ ತೂಗುತ್ತದೆ, ದಪ್ಪ 18.5 ಮಿಲಿಮೀಟರ್. ಹನ್ನೆರಡು ಬೋರಿನ ನಳಿಗೆಯ ಒಳ ಅಗಲವೂ ಅಷ್ಟೇ. ಆದರೆ ಅದನ್ನೇ ನಂಬಿ 18.5 ಮಿಲಿಮೀಟರಿನ ಒಂಟಿ ಗುಂಡು ಹಾಕುವುದು ಅಪಾಯ. ಚರೆ ಚದುರದಿರಲೆಂದು ಬಹಳಷ್ಟು ನಳಿಗೆಗಳನ್ನು ತುದಿಯಲ್ಲಿ ಕಿರಿದು ಮಾಡಿರುತ್ತಾರೆ, ಇದೇ ಚೋಕ್. ಫುಲ್ ಚೋಕ್ ಇರುವ ನಳಿಗೆಯ ಬಾಯಿ ಸುಮಾರು ಒಂದು ಮಿಲಿಮೀಟರ್ ಕಿರಿದು. ಜೋಡುನಳಿಗೆಯಲ್ಲಿ ಒಂದು ನಳಿಗೆಯ ಬಾಯಿ ಅಗಲ, ಇನ್ನೊಂದರದು ಕಿರಿದು ಇರುವುದು ಸಾಮಾನ್ಯ. ಚರೆಕಾಳುಗಳು ಒಂದರ ಪಕ್ಕ ಒಂದು ಸರಿದು ಆ ಕಿರುದಾರಿಯಲ್ಲಿ ನುಸುಳುತ್ತವೆ. ಒಂಟಿ ಗುಂಡಿಗೆ ಸರಿಯಲು ಜಾಗವಿಲ್ಲ, ಏಟೆಲ್ಲ ನಳಿಗೆಯ ತುದಿಗೇ ಬೀಳುತ್ತದೆ. ಹಾಗಾಗಿ ಬುಡವನ್ನಲ್ಲ, ಬಾಯಿಯನ್ನು ಅಳೆಯಬೇಕು. ಮನೆಯಲ್ಲಿ ತೋಟಾ ಕಟ್ಟುವುದಂತೂ ಪರವಾನಗಿ ಇಲ್ಲದೆ ಅಪರಾಧ. ಖಡ್ಕಿಯ ಕಾರ್ಖಾನೆಯ ತೋಟಾ ಅಧಿಕೃತ ಅಂಗಡಿಯಲ್ಲಿ ಸಿಗುವಾಗ ಆ ಉಸಾಬರಿ ಬೇಕಾಗಿಯೂ ಇಲ್ಲ.

ದಪ್ಪ ಗುಂಡು ಸಿಕ್ಕಿಕೊಂಡಾಗ ಕೈಗೆ ಮೊದಲು ಬರುವುದು ಬಲ, ಅದೇ ಕೆಡುಕಿನ ಬೇರು. ಗುಂಡು ಮದ್ದಿನ ಮೇಲೆ ಕೂರದೆ ನಡುವೆ ನಿಂತಿದ್ದಾಗ ಹಾರಿಸಿದರೆ, ಆ ಖಾಲಿ ಜಾಗದಿಂದಾಗಿ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಇದಕ್ಕೆ ಹಳಬರು ಗಜದ ಮೇಲೆ ಎರಡು ಗೀರು ಹಾಕುತ್ತಿದ್ದರು. ಒಂದು ಖಾಲಿ ನಳಿಗೆಗೆ, ಇನ್ನೊಂದು ಸರಿಯಾಗಿ ತುಂಬಿದ ಕೋವಿಗೆ. ತುಂಬುವಾಗ ಈ ಎರಡನೆಯ ಗೀರು ನಳಿಗೆಯ ಬಾಯಿಗಿಂತ ಮೇಲೆ ನಿಂತಿತೆಂದರೆ ಗುಂಡು ಕೆಳಗಿಳಿದಿಲ್ಲ ಎಂದರ್ಥ. ಇದಕ್ಕಿಂತ ಸರಳವಾದ, ಇದಕ್ಕಿಂತ ನೆಚ್ಚಬಹುದಾದ ಉಪಾಯ ನನಗೆ ಗೊತ್ತಿಲ್ಲ. ಇಂಥ ಕೋವಿಯನ್ನು ಹಾರಿಸಿ ಖಾಲಿ ಮಾಡಲು ಹೋಗಬಾರದು, ಮೇಲಿಂದ ಕುಟ್ಟಲೂಬಾರದು. ಕೇಪು ತೆಗೆದು, ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿಟ್ಟು, ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ಹೇಳಿಕಳಿಸಬೇಕು. ಗಜದ ತುದಿಗೆ ತಿರುಪು ಹಾಕಿ ಗುಂಡನ್ನು ಕೊರೆದು ಎಳೆಯುವುದು ಅವರ ಕೆಲಸ. ಒಳಗೆ ಮದ್ದಿದೆ ಎಂಬುದನ್ನು ಮಾತ್ರ ಅವರು ಕೋವಿ ಮುಟ್ಟುವ ಮೊದಲೇ ತಿಳಿಸಬೇಕು.