ಹೇಳದೆ ಉಳಿಯುವ ಸಲಹೆ

ಹೃದಯಾಘಾತ, ಪಾರ್ಶ್ವವಾಯು, ಬೆನ್ನುಹುರಿಗೆ ಪೆಟ್ಟು, ಸೊಂಟದ ಕೀಲು ಬದಲಾವಣೆ: ಇಂಥವುಗಳಿಂದ ಚೇತರಿಸಿಕೊಳ್ಳುವ ರೋಗಿಯ ಜೊತೆ ಹೆಚ್ಚು ಹೊತ್ತು ಕಳೆಯುವವರು ಯಾರು? ವೈದ್ಯರು ಬಂದು ನೋಡಿ ಹೋಗುತ್ತಾರೆ. ಫಿಸಿಯೊಥೆರಪಿಸ್ಟರು ವಾರಗಟ್ಟಲೆ ಕೈಹಿಡಿದು ನಡೆಸುತ್ತಾರೆ. ಯಾವಾಗ ಮೆಟ್ಟಿಲು ಹತ್ತಬಹುದು, ಸ್ಕೂಟರ್ ಓಡಿಸಬಹುದು ಎಂದು ರೋಗಿ ಅವರನ್ನು ಕೇಳುತ್ತಾನೆ. ದಾಂಪತ್ಯ ಸುಖಕ್ಕೆ ಮರಳುವುದು ಯಾವಾಗ ಎಂದು ಮಾತ್ರ ಕೇಳಲಾರ, ಅವರೂ ಹೇಳುವುದಿಲ್ಲ.

ಈ ಮೌನ ನಿರುಪದ್ರವಿಯಲ್ಲ. ಹೇಳದೆ ಉಳಿದದ್ದನ್ನು ರೋಗಿ ನಿಷೇಧವೆಂದೇ ಭಾವಿಸುತ್ತಾನೆ. ಎದೆನೋವು, ಏದುಸಿರಿಲ್ಲದೆ ಎರಡು ಮಹಡಿ ಹತ್ತಬಲ್ಲ ಹೃದ್ರೋಗಿಗೆ ಲೈಂಗಿಕ ಕ್ರಿಯೆ ಸಾಮಾನ್ಯವಾಗಿ ಅಪಾಯಕಾರಿಯಲ್ಲ ಎಂಬುದು ವೈದ್ಯರ ರೂಢಿಯ ಅಳತೆಗೋಲು. ಸೊಂಟದ ಕೀಲು ಬದಲಿಸಿಕೊಂಡವರು ಕೀಲು ಜಾರದಂತೆ ಯಾವ ಭಂಗಿಗಳನ್ನು ತಪ್ಪಿಸಬೇಕೆಂದು ತಿಳಿದಿರಬೇಕು. ಬೆನ್ನುಹುರಿಗೆ ಪೆಟ್ಟಾದ ಮಹಿಳೆ ತಾಯಿಯಾಗುವ ಸಾಮರ್ಥ್ಯವನ್ನು ಸಾಮಾನ್ಯವಾಗಿ ಕಳೆದುಕೊಳ್ಳುವುದಿಲ್ಲ. ಇಷ್ಟನ್ನು ಯಾರೂ ಹೇಳದ ಕಾರಣ ಎಷ್ಟೋ ದಂಪತಿಗಳು ಒಂದೇ ಸೂರಿನಡಿ ಪರಕೀಯರಾಗುತ್ತಾರೆ.

ವೈದ್ಯಕೀಯ ಸೇವೆಯಲ್ಲಿ ಕೊಡುವವರ ಮತ್ತು ಪಡೆಯುವವರ ತಿಳಿವಳಿಕೆ ಸಮಾನವಲ್ಲವೆಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಬರೆದಿದ್ದರು. ಅರ್ಥಶಾಸ್ತ್ರ ಓದಿದ ನನಗೆ ಅನ್ನಿಸುವುದು, ಸಂಕೋಚ ಈ ಅಂತರವನ್ನು ಇಮ್ಮಡಿಗೊಳಿಸುತ್ತದೆ. ಆ ತೆರವನ್ನು ತುಂಬಲು ಗೋಡೆಬರಹದ ‘ಗುಪ್ತರೋಗ ತಜ್ಞರು’ ಸದಾ ಸಿದ್ಧ.

ಪರಿಹಾರ ಶಿಕ್ಷಣದಲ್ಲಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಆ್ಯನನ್ 1976ರಲ್ಲಿ ನಾಲ್ಕು ಹಂತಗಳನ್ನು ಸೂಚಿಸಿದರು: ಮಾತನಾಡಲು ಅನುಮತಿ, ಮಿತವಾದ ಮಾಹಿತಿ, ನಿರ್ದಿಷ್ಟ ಸಲಹೆ, ತೀವ್ರ ಚಿಕಿತ್ಸೆ. ಕೊನೆಯದು ತಜ್ಞರ ಕೆಲಸ. ಮೊದಲೆರಡು ಪ್ರತಿಯೊಬ್ಬ ಫಿಸಿಯೊಥೆರಪಿ ವಿದ್ಯಾರ್ಥಿಗೂ ಸಾಧ್ಯ. ಮೂರನೆಯದು ಅನುಭವದಿಂದ ಬರುತ್ತದೆ. ಆದರೆ ಪಾಠ ಕೇಳಿದರೆ ಸಾಲದು. ಪಠ್ಯ ಇಂಗ್ಲಿಷಿನಲ್ಲಿದೆ, ರೋಗಿ ಬಾಯಿಬಿಟ್ಟರೆ ‘ಇನ್ನು ಸಂಸಾರ ಮಾಡಬಹುದಾ?’ ಎನ್ನುತ್ತಾನೆ. ಗ್ರಾಂಥಿಕವೂ ಅಲ್ಲದ, ಅಶ್ಲೀಲವೂ ಅಲ್ಲದ ಕನ್ನಡದಲ್ಲಿ ಉತ್ತರಿಸುವುದನ್ನು ಸಹಪಾಠಿಯನ್ನೇ ರೋಗಿಯಾಗಿ ಕೂರಿಸಿ ಅಭ್ಯಾಸ ಮಾಡಿಸಬೇಕು.

ಇದಕ್ಕೊಂದು ಆಕ್ಷೇಪವಿದೆ, ಅದು ಹಗುರವಾದುದಲ್ಲ. ಮೈಮುಟ್ಟಿ ಮಾಡುವ ಚಿಕಿತ್ಸೆ; ಮಾಡುವವರಲ್ಲಿ ಎಳೆಯ ವಯಸ್ಸಿನ ಹೆಣ್ಣುಮಕ್ಕಳೂ ಇರುತ್ತಾರೆ. ಇಂಥ ಮಾತು ದುರುಪಯೋಗಕ್ಕೆ ದಾರಿಯಾಗದೇ? ತರಬೇತಿ ಬೇಕಿರುವುದು ಅದಕ್ಕಾಗಿಯೇ. ಯಾವ ಪ್ರಶ್ನೆ ಚಿಕಿತ್ಸೆಗೆ ಸಂಬಂಧಿಸಿದ್ದು, ಯಾವುದು ಕೀಟಲೆ, ಯಾವಾಗ ಮಾತು ನಿಲ್ಲಿಸಿ ಹಿರಿಯರನ್ನು ಕರೆಯಬೇಕು ಎಂಬುದನ್ನು ಕಲಿತ ವಿದ್ಯಾರ್ಥಿನಿ ಹೆಚ್ಚು ಸುರಕ್ಷಿತಳು. ಸ್ಪರ್ಶಕ್ಕೆ ಮುನ್ನ ಒಪ್ಪಿಗೆ, ಮಾತಿಗೆ ಮುನ್ನ ಏಕಾಂತ ಎಂಬ ಶಿಸ್ತು ರೋಗಿಯನ್ನೂ ಕಾಯುತ್ತದೆ.

ನಮಗೆ ಈ ವಿಷಯದಲ್ಲಿ ಹಿಂಜರಿಕೆಯ ಪರಂಪರೆಯೇನೂ ಇಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆದಿತ್ತು. ಅಂಗವಿಕಲರಿಗೆ ಸಂತಾನ ಮತ್ತು ಕುಟುಂಬ ಯೋಜನೆಯ ಬಗ್ಗೆ ಸೂಕ್ತ ಮಾಹಿತಿ ಒದಗಿಸುವುದು 2016ರ ಕಾಯ್ದೆಯ 10ನೇ ಕಲಮಿನಡಿ ಸರ್ಕಾರದ ಹೊಣೆ. ಆ ಮಾಹಿತಿ ಸುತ್ತೋಲೆಯಿಂದ ತಲುಪುವುದಿಲ್ಲ, ಮನುಷ್ಯರ ಬಾಯಿಂದ ತಲುಪುತ್ತದೆ.

ಆಡಳಿತದಲ್ಲಿದ್ದು ನಾನು ಕಂಡ ಸತ್ಯವೊಂದಿದೆ: ಲೆಕ್ಕ ಕೇಳದ ಕೆಲಸ ಕಡತದಲ್ಲೇ ಉಳಿಯುತ್ತದೆ. ಆದ್ದರಿಂದ ಮೊಣಕಾಲು ಮಡಿಸುವ ಕೌಶಲದಂತೆ ಈ ಸಂಭಾಷಣೆಗೂ ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕಗಳಿರಲಿ.