ಹವ್ಯಾಸಿ ಛಾಯಾಚಿತ್ರಕಾರರೂ ಅವರ ಗೋಷ್ಠಿಗಳೂ

ಕಾವ್ಯವು ಕವಿಯಲ್ಲಿ ಹುಟ್ಟಿ ಸಹೃದಯನಲ್ಲಿ ಪೂರ್ಣತೆಯನ್ನು ಪಡೆಯುತ್ತದೆಂಬುದು ನಮ್ಮ ಆಲಂಕಾರಿಕರ ಮತ. ಯಂತ್ರದಿಂದ ಮೂಡುವ ಛಾಯಾಚಿತ್ರಕ್ಕೂ ಈ ಮಾತು ಸಲ್ಲುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಜೀವನೋಪಾಯಕ್ಕಾಗಿ ಅಲ್ಲದೆ ಕೇವಲ ಪ್ರೀತಿಯಿಂದ ಚಿತ್ರ ತೆಗೆಯುವ ಹವ್ಯಾಸಿಗಳು ತಮಗೆ ಮೆಚ್ಚಾದ ಚಿತ್ರಗಳನ್ನು ಒಂದೆಡೆ ಇಟ್ಟು ಗುಣದೋಷಗಳನ್ನು ಚರ್ಚಿಸುವ ಪದ್ಧತಿಯ ಇತಿಹಾಸವನ್ನು ನೋಡಿದರೆ, ಸಲ್ಲುವುದೆಂದೇ ನಮಗೆ ತೋರುತ್ತದೆ.

ಈ ಪದ್ಧತಿಯು ಮೊದಲು ಅಗತ್ಯದಿಂದ ಹುಟ್ಟಿತು. ಲಂಡನ್ನಿನ ಛಾಯಾಚಿತ್ರ ಸಂಘವು 1853ರಲ್ಲಿಯೂ, ಮುಂಬಯಿಯದು 1854ರಲ್ಲಿಯೂ, ಕಲ್ಕತ್ತ ಮತ್ತು ಮದರಾಸಿನವು 1856ರಲ್ಲಿಯೂ ಸ್ಥಾಪಿತವಾದುವು. ಆಗ ಸಿದ್ಧಪಡಿಸಿದ ಫಿಲ್ಮು ಇರಲಿಲ್ಲ. ಕಾಗದವನ್ನಾಗಲಿ ಗಾಜಿನ ಫಲಕವನ್ನಾಗಲಿ ಚಿತ್ರಕಾರನು ತಾನೇ ಬೆಳ್ಳಿಯ ಲವಣಗಳಿಂದ ಸಂಸ್ಕರಿಸಿಕೊಳ್ಳಬೇಕಾಗಿತ್ತು. ಚಿತ್ರದಲ್ಲಿ ಕಲೆ ಬಿದ್ದರೆ ದೋಷವು ನೀರಿನದೋ ರಾಸಾಯನಿಕದ್ದೋ ಕೈಯದೋ ಎಂಬುದನ್ನು ಒಬ್ಬನೇ ಕುಳಿತು ನಿರ್ಣಯಿಸುವುದು ದುಸ್ಸಾಧ್ಯ. ಆದುದರಿಂದ ಸಭೆಗಳಲ್ಲಿ ಪ್ರತಿಗಳು ಕೈಯಿಂದ ಕೈಗೆ ಸಾಗಿದುವು. ಇಂಗ್ಲೆಂಡಿನಲ್ಲಿ 1855ರ ಸುಮಾರಿಗೆ, ಸದಸ್ಯರು ತಮ್ಮ ಚಿತ್ರಗಳ ಪ್ರತಿಗಳನ್ನು ಪರಸ್ಪರ ಹಂಚಿಕೊಳ್ಳುವ ವಿನಿಮಯ ಸಂಘವೇ ಏರ್ಪಟ್ಟಿತು. ನಮ್ಮ ನಾಡಿನ ಶಿಲ್ಪವೂ ಹೀಗೆಯೇ ಹೊರಗಿನವರ ಕಣ್ಣಿಗೆ ಬಿದ್ದಿತು: ಲಿನಿಯಸ್ ಟ್ರೈಪ್ ಎಂಬ ಸೇನಾಧಿಕಾರಿಯು 1854ರಲ್ಲಿ ಬೇಲೂರು ಹಳೇಬೀಡುಗಳಲ್ಲಿ ತೆಗೆದ ಚಿತ್ರಗಳು ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಕಾಣಿಸಿಕೊಂಡುವು.

‘ಹೇಗೆ ತೆಗೆದಿರಿ?’ ಎಂಬ ಪ್ರಶ್ನೆ ಕ್ರಮೇಣ ‘ಏಕೆ ಹೀಗೆ ತೆಗೆದಿರಿ?’ ಎಂಬುದಾಗಿ ಮಾರ್ಪಟ್ಟಿತು. ಕೊಲೋಡಿಯನ್ ಲೇಪಿಸಿದ ಗಾಜು ನೀಲವರ್ಣಕ್ಕೆ ಬೇಗ ಸ್ಪಂದಿಸುತ್ತಿತ್ತು, ಹಸುರಿಗೆ ಬಹು ನಿಧಾನವಾಗಿ. ಮರಗಳು ಸ್ಫುಟವಾಗಿ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶವು ಮೋಡಗಳಿಲ್ಲದ ಬರಿಯ ಬಿಳುಪಾಗುತ್ತಿತ್ತು. ಮೋಡಗಳನ್ನು ಬೇರೊಂದು ಫಲಕದಲ್ಲಿ ಹಿಡಿದು, ಎರಡನ್ನೂ ಜೋಡಿಸಿ ಮುದ್ರಿಸುವುದೇ ಇದಕ್ಕೆ ಉಪಾಯ. ಹಾಗಾದರೆ ಅಂತಹ ಚಿತ್ರವು ಸತ್ಯವೋ ಕೃತಕವೋ?

ಈ ವಾದಕ್ಕೆ ತೀವ್ರತೆಯನ್ನು ತಂದುದು ಹೆನ್ರಿ ಪೀಚ್ ರಾಬಿನ್‌ಸನ್ನನು 1858ರಲ್ಲಿ ಐದು ನೆಗೆಟಿವ್‌ಗಳನ್ನು ಜೋಡಿಸಿ ರಚಿಸಿದ ‘ಫೇಡಿಂಗ್ ಅವೇ’ ಎಂಬ ಚಿತ್ರ. ಮರಣೋನ್ಮುಖಳಾದ ತರುಣಿ, ಅವಳ ಸುತ್ತ ಮನೆಯವರು. ವಿಷಯವು ಸಹಿಸಲಾಗದಷ್ಟು ದುಃಖಕರವೆಂದು ಹಲವರು ಆಕ್ಷೇಪಿಸಿದರು. ಜೋಡಣೆಯನ್ನು ವಂಚನೆಯೆಂದವರೂ ಉಂಟು. ವರ್ಣಚಿತ್ರದಲ್ಲಿ ಇದೇ ದೃಶ್ಯವಿದ್ದಿದ್ದರೆ ಇಷ್ಟು ಕೋಲಾಹಲವಾಗುತ್ತಿರಲಿಲ್ಲ. ರಂಗದ ಮೇಲಿನ ಶೋಕವು ಯಾರೊಬ್ಬರದೂ ಅಲ್ಲದ ಕಾರಣದಿಂದಲೇ ಕರುಣರಸವಾಗುತ್ತದೆಂದು ನಮ್ಮ ಮೀಮಾಂಸೆ ಹೇಳುತ್ತದೆ. ಛಾಯಾಚಿತ್ರವನ್ನಾದರೋ ನೋಡುಗನು ಸಾಕ್ಷ್ಯವೆಂದು ನಂಬುತ್ತಾನೆ. ಆ ಶೋಕ ಯಾರೋ ಒಬ್ಬಳದೇ ಆಗಿ ಉಳಿಯುತ್ತದೆ. ಈ ಮಾಧ್ಯಮದ ಇಂತಹ ಮೂಲಸ್ವಭಾವವು ಹೊರಬಿದ್ದದ್ದು ಕ್ಯಾಮರಾದಿಂದಲ್ಲ, ನೋಡಿದವರ ವಾಗ್ವಾದದಿಂದ.

ಆದರೆ ಗೋಷ್ಠಿಯಲ್ಲಿ ಯಾರಿಗೆ ಸ್ಥಾನವುಂಟು ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ. ಪ್ರಸಿದ್ಧ ವಿದ್ವಾಂಸ ರಾಜೇಂದ್ರಲಾಲ ಮಿತ್ರರು ಬಂಗಾಳದ ಛಾಯಾಚಿತ್ರ ಸಂಘದ ಕೋಶಾಧಿಕಾರಿಗಳಾಗಿದ್ದರು. ಯೂರೋಪಿಯನ್ ನೀಲಿ ತೋಟಗಾರರ ದೌರ್ಜನ್ಯವನ್ನು ಅವರು ಬಹಿರಂಗವಾಗಿ ಖಂಡಿಸಿದ ಕಾರಣಕ್ಕೆ 1857ರಲ್ಲಿ ಸಂಘವು ಅವರನ್ನು ಹೊರಹಾಕಿತು. ಚಿತ್ರದ ದೋಷವನ್ನು ಎತ್ತಿ ಹೇಳಬಹುದು, ಆಳುವವರ ದೋಷವನ್ನು ಹೇಳಕೂಡದು ಎಂಬ ಗೋಷ್ಠಿಯಲ್ಲಿ ವಿಮರ್ಶೆಯು ಎಷ್ಟು ದಿನ ಬಾಳೀತು?

ಇಂದು ಚಿತ್ರ ತೆಗೆಯುವುದು ಕ್ಷಣದ ಕೆಲಸ, ಹಂಚುವುದೂ ಹಾಗೆಯೇ. ನಿಧಾನವಾಗಿ ನೋಡಿ, ಸಮಾನರಾಗಿ ಕುಳಿತು, ಕಾರಣಸಹಿತವಾಗಿ ಮಾತನಾಡುವುದು ಮಾತ್ರ ಈಗಲೂ ಅಭ್ಯಾಸದಿಂದ ಬರಬೇಕಾದದ್ದೇ. ಕಾಲೇಜುಗಳಲ್ಲಿ ಛಾಯಾಚಿತ್ರ ಗೋಷ್ಠಿಗಳನ್ನು ನಡೆಸುವ ಅಧ್ಯಾಪಕರು ಕ್ಯಾಮರಾಗಳ ಬೆಲೆಗಿಂತ ಮೊದಲು ಇದನ್ನು ಗಮನಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.