ಕೂದಲಿಗೆ ಸುರುಳಿ ಕೊಡುವ ನೀರು

ತಲೆಸ್ನಾನವಾದ ಮೇಲೆ ಪೂರ್ತಿ ಆರದ ಕೂದಲನ್ನು ಹೆಣೆದು ಮಲಗಿ ಬೆಳಿಗ್ಗೆ ಜಡೆ ಬಿಚ್ಚಿದರೆ, ನೆಟ್ಟಗಿನ ಕೂದಲೂ ಅಲೆಅಲೆಯಾಗಿ ಇಳಿಯುತ್ತದೆ. ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಇದು ಹೊಸ ಸುದ್ದಿಯೇನಲ್ಲ. ಆದರೂ ಮದುವೆ, ಸಮಾರಂಭ ಎಂದಾಗ ಚೆಂದದ ಗುಂಗುರು ಬೇಕಾದರೆ ಕಾದ ಕರ್ಲಿಂಗ್ ಐರನ್ನೇ ಆಗಬೇಕು, ಜಡೆ ಕಟ್ಟಿ ಮಾಡುವುದು ಏನೂ ಇಲ್ಲದವರ ಉಪಾಯ ಎಂಬ ನಂಬಿಕೆ ಬೇರೂರಿದೆ. ಕೂದಲಿನ ಒಳರಚನೆ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಎರಡೂ ವಿಧಾನಗಳಲ್ಲಿ ಸುರುಳಿಯನ್ನು ಹಿಡಿದಿಡುವುದು ಒಂದೇ ಬಗೆಯ ಬಂಧ. ಆ ಬಂಧಕ್ಕೆ ಬೇಕಾದದ್ದು ನೀರು ಮತ್ತು ಸಮಯ. ಬಿಸಿ ಮಾಡುವುದು ಸಮಯದ ಉಳಿತಾಯವನ್ನಷ್ಟೇ, ಅದಕ್ಕೆ ಕೂದಲು ತೆರುವ ಬೆಲೆ ದೊಡ್ಡದು.

ಕೂದಲಿನ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನು. ಅದರ ಉದ್ದುದ್ದ ಸರಪಳಿಗಳು ಒತ್ತಾಗಿ ಮಲಗಿರುತ್ತವೆ. ಅವನ್ನು ಒಂದಕ್ಕೊಂದು ಕಟ್ಟುವ ಬಂಧಗಳಲ್ಲಿ ಎರಡು ಮುಖ್ಯ. ಗಂಧಕದ ಬಂಧಗಳು ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಹುಟ್ಟಿನಿಂದ ಬಂದ ಆಕಾರವನ್ನು ಕಾಯುವುದರಲ್ಲಿ ಅವುಗಳ ಪಾಲು ದೊಡ್ಡದು. ಹೈಡ್ರೋಜನ್ ಬಂಧಗಳು ಒಂದೊಂದಾಗಿ ನೋಡಿದರೆ ದುರ್ಬಲ, ಆದರೆ ಲೆಕ್ಕವಿಲ್ಲದಷ್ಟಿವೆ. ಕೂದಲು ನೆನೆದಾಗ ತನ್ನ ಒಣತೂಕದ ಸುಮಾರು ಶೇ. 30ರಷ್ಟು ನೀರನ್ನು ಹೀರಿಕೊಳ್ಳುತ್ತದೆ. ಆ ನೀರು ಸರಪಳಿಗಳ ನಡುವೆ ನುಸುಳಿ ಹೈಡ್ರೋಜನ್ ಬಂಧಗಳನ್ನು ಬಿಡಿಸಿ, ಆ ಜಾಗದಲ್ಲಿ ತಾನೇ ಕೂರುತ್ತದೆ. ಸರಪಳಿಗಳು ಈಗ ಅತ್ತಿತ್ತ ಸರಿಯಬಲ್ಲವು. ಇಂಥ ಸ್ಥಿತಿಯಲ್ಲಿ 0.08 ಮಿ.ಮೀ. ದಪ್ಪದ ಕೂದಲನ್ನು ಒಂದು ಸೆಂಟಿಮೀಟರ್ ಅಗಲದ ಬಟ್ಟೆ ಸುರುಳಿಗೆ ಸುತ್ತಿದೆವೆನ್ನಿ. ಹೊರಮೈ ಸುಮಾರು ಶೇ. 0.8ರಷ್ಟು ಹಿಗ್ಗಬೇಕು, ಒಳಮೈ ಅಷ್ಟೇ ಕುಗ್ಗಬೇಕು. ಒದ್ದೆ ಕೂದಲಿಗೆ ಇದು ತೀರಾ ಹಗುರವಾದ ಕೆಲಸ. ನೀರು ಆರುತ್ತ ಹೋದಂತೆ ಸರಪಳಿಗಳು ಆಗ ಎಲ್ಲಿದ್ದವೋ ಅಲ್ಲೇ, ಹೊಸ ನೆರೆಯವುಗಳೊಂದಿಗೆ ಬಂಧ ಕಟ್ಟಿಕೊಳ್ಳುತ್ತವೆ. ಗಂಧಕದ ಬಂಧಗಳು ಹಳೆಯ ಆಕಾರಕ್ಕೆ ಎಳೆಯುತ್ತಲೇ ಇದ್ದರೂ ಹೊಸ ಬಂಧಗಳ ಗುಂಪು ಜಗ್ಗುವುದಿಲ್ಲ. ಹತ್ತಿ ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದಾಗ ಗೆರೆ ನಿಲ್ಲುವುದರ ಹಿಂದೆಯೂ ಇದೇ ಬಂಧದ ಕೆಲಸವಿದೆ.

ಹಾಗಾದರೆ ಐರನ್ ಒಣ ಕೂದಲನ್ನೂ ಸುರುಳಿ ಮಾಡುತ್ತದಲ್ಲ ಎಂದು ಕೇಳಬಹುದು. ಒಣಗಿದಂತೆ ಕಾಣುವ ಕೂದಲಲ್ಲೂ ಸಾಮಾನ್ಯ ಹವೆಯಲ್ಲಿ ತೂಕದ ಹತ್ತನೇ ಒಂದು ಪಾಲಿನಷ್ಟು ನೀರಿರುತ್ತದೆ; ಐರನ್ ಅದನ್ನು ಕ್ಷಣದಲ್ಲಿ ಓಡಿಸುತ್ತದೆ. ಜೊತೆಗೆ ಪೂರ್ತಿ ಒಣಗಿದ ಕೆರಾಟಿನ್ ಗಾಜಿನಂತೆ ಬಿರುಸು, ಮೆತ್ತಗಾಗಲು 100 ಡಿಗ್ರಿ ಸೆಲ್ಸಿಯಸ್‌ಗಿಂತ ಬಹಳ ಮೇಲಿನ ಬಿಸಿ ಬೇಕು. ಅದೇ ಕೆರಾಟಿನ್ ನೆನೆದರೆ ಕೋಣೆಯ ಉಷ್ಣತೆಯಲ್ಲೇ ಮೆತ್ತಗಾಗುತ್ತದೆ. ಐರನ್ 180–200 ಡಿಗ್ರಿಯಲ್ಲಿ ಮಾಡುವುದನ್ನು ಒಂದು ಹಿಡಿ ನೀರು ಖರ್ಚಿಲ್ಲದೆ ಮಾಡಿಕೊಡುತ್ತದೆ. 230 ಡಿಗ್ರಿಯ ಆಸುಪಾಸಿನಲ್ಲಿ ಕೆರಾಟಿನ್ನಿನ ರಚನೆಯೇ ಕುಸಿಯುತ್ತದೆ. ಅದಕ್ಕೆ ಮೊದಲೇ ಹೊರಪದರದ ಹುರುಪೆಗಳು ಬಿರುಕು ಬಿಡುತ್ತವೆ. ಒದ್ದೆ ಕೂದಲಿಗೆ ಕಾದ ಐರನ್ ಹಿಡಿಯುವುದಂತೂ ಇನ್ನೂ ಅಪಾಯ. ಒಳಗೆ ಸಿಕ್ಕಿಕೊಂಡ ನೀರು ಕುದಿದು ಆವಿಯಾಗಿ, ಕೂದಲಿನ ಹೊಟ್ಟೆಯಲ್ಲೇ ಗುಳ್ಳೆಗಳೇಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಸ್ಪಷ್ಟವಾಗಿ ಕಾಣುತ್ತವೆ, ಕೂದಲು ಮುರಿಯುವುದೂ ಅಲ್ಲೇ.

ಬಿಸಿಯಿಲ್ಲದ ಸುರುಳಿ ನಿಲ್ಲುವುದಿಲ್ಲ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಅದರಲ್ಲಿ ಸತ್ಯವಿದೆ, ಆದರೆ ಐರನ್ ಹಾಕಿದ ಸುರುಳಿಗೂ ಅದು ಅನ್ವಯಿಸುತ್ತದೆ. ನೀರು ಬಿಡಿಸಬಲ್ಲ ಬಂಧವನ್ನು ಗಾಳಿಯ ತೇವವೂ ಬಿಡಿಸುತ್ತದೆ. ಜಿನೀವಾದ ಹೊರಾಸ್ ಬೆನೆಡಿಕ್ಟ್ ದ ಸೋಸೂರ್ 1783ರಲ್ಲಿ ವಿವರಿಸಿದ ಆರ್ದ್ರತಾಮಾಪಕ ಮನುಷ್ಯರ ಕೂದಲಿನಿಂದಲೇ ನಡೆಯುತ್ತಿತ್ತು. ಪೂರ್ತಿ ಒಣ ಹವೆಯಿಂದ ಪೂರ್ತಿ ತೇವದ ಹವೆಗೆ ಹೋದಾಗ ಕೂದಲು ಸುಮಾರು ಶೇ. 2ರಷ್ಟು ಉದ್ದವಾಗುತ್ತದೆ, ಆ ಚಲನೆಯೇ ಮುಳ್ಳನ್ನು ತಿರುಗಿಸುತ್ತಿತ್ತು. ಹಾಗಾಗಿ ಕಲಬುರಗಿಯ ಬೇಸಿಗೆಯಲ್ಲಿ ಸಂಜೆವರೆಗೆ ನಿಲ್ಲುವ ಸುರುಳಿ ಮಂಗಳೂರಿನ ಮಳೆಗಾಲದಲ್ಲಿ ಬೇಗ ಸಡಿಲವಾದರೆ ಅದು ವಿಧಾನದ ದೋಷವಲ್ಲ. ವಾರಗಟ್ಟಲೆ ನಿಲ್ಲಬೇಕಾದರೆ ಗಂಧಕದ ಬಂಧಗಳನ್ನೇ ರಾಸಾಯನಿಕದಿಂದ ಒಡೆದು ಮತ್ತೆ ಕಟ್ಟಬೇಕು. ಬ್ಯೂಟಿ ಪಾರ್ಲರುಗಳ ಪರ್ಮಿಂಗ್ ಮಾಡುವುದು ಅದನ್ನೇ. ಜಡೆ ಬಿಚ್ಚಿದ ಅರ್ಧ ಗಂಟೆಯಲ್ಲೇ ಸುರುಳಿ ಇಳಿದುಹೋಗುತ್ತದೆ ಎಂಬ ದೂರಿಗೆ ಮಾತ್ರ ಕಾರಣ ಸಾಮಾನ್ಯವಾಗಿ ಬೇರೆ: ಒಳಗಿನ ಎಳೆಗಳು ಇನ್ನೂ ಹಸಿಯಾಗಿರುವಾಗಲೇ ಬಿಚ್ಚಿರುತ್ತಾರೆ. ದಟ್ಟ ಕೂದಲಿನ ದಪ್ಪ ಜಡೆಯ ನಡುಭಾಗ ಇಡೀ ರಾತ್ರಿಯಾದರೂ ಆರದಿರಬಹುದು. ಅಲ್ಲಿ ಬಂಧಗಳು ಇನ್ನೂ ಕಟ್ಟಿಕೊಂಡೇ ಇರುವುದಿಲ್ಲ.

ವಿಧಾನ ಏನಿರಬೇಕೆಂಬುದು ಇದರಿಂದಲೇ ಗೊತ್ತಾಗುತ್ತದೆ. ನೀರು ತೊಟ್ಟಿಕ್ಕುವ ಕೂದಲು ಬೇಡ. ಬಹುಮಟ್ಟಿಗೆ ಆರಿ, ಮುಟ್ಟಿದರೆ ತಂಪು ತಾಗುವಷ್ಟು ಪಸೆ ಇದ್ದರೆ ಸಾಕು. ಸಿಕ್ಕು ಬಿಡಿಸಿ, ಸಣ್ಣ ಸಣ್ಣ ಭಾಗ ಮಾಡಿ, ಹಳೆಯ ಮೆತ್ತನೆ ಬಟ್ಟೆಯ ಪಟ್ಟಿಗೆ ತುದಿಯಿಂದ ಸುತ್ತುತ್ತ ಬರಬೇಕು. ಮೂರೆಳೆ ಜಡೆಯಲ್ಲಿ ಪ್ರತಿ ಎಳೆಯೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಾಗುವುದರಿಂದ ಚಪ್ಪಟೆ ಅಲೆ ಬರುತ್ತದೆ. ಒಂದೇ ದಿಕ್ಕಿಗೆ ಸುತ್ತಿದ ಪಟ್ಟಿ ದುಂಡನೆಯ ಸುರುಳಿ ಕೊಡುತ್ತದೆ. ಅಗಸೆ ಬೀಜ ಕುದಿಸಿ ಸೋಸಿದ ಲೋಳೆಯನ್ನು ಮೊದಲೇ ತೆಳುವಾಗಿ ಸವರಿದರೆ, ಅದು ಒಣಗಿ ಎಳೆಗಳನ್ನು ಅಂಟಿಸಿ ಹಿಡಿಯುತ್ತದೆ. ಬಿಚ್ಚಿದ ಮೇಲೆ ಬೆರಳಾಡಿಸಬೇಕು, ಬಾಚಣಿಗೆ ಹಾಕಬಾರದು.

ಒದ್ದೆ ಕೂದಲು ಬಲಹೀನ, ಅದನ್ನು ಕಟ್ಟಿಡುವುದೂ ಹಾನಿಯೇ ಎಂಬ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಸರಪಳಿಗಳು ಸರಿಯುವಂತೆ ಮಾಡಿದ ನೀರೇ ಕೂದಲು ಹೆಚ್ಚು ಎಳೆತಕ್ಕೊಳಗಾಗುವಂತೆಯೂ ಮಾಡುತ್ತದೆ. ಆದರೆ ಸುರುಳಿ ಹುಟ್ಟುವುದು ಬಾಗುವಿಕೆಯಿಂದ, ಬಿಗಿತದಿಂದಲ್ಲ. ಬುಡ ಜಗ್ಗುವಂತೆ ಕಟ್ಟಿದರೆ ಸುರುಳಿ ಒಂದಿಷ್ಟೂ ಹೆಚ್ಚುವುದಿಲ್ಲ. ದಿನವೂ ಹಾಗೆ ಎಳೆದು ಕಟ್ಟುವವರಿಗೆ ಹಣೆಯ ಅಂಚು, ಕಪಾಲದ ಪಕ್ಕ ಕೂದಲು ತೆಳುವಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಬುಡದಿಂದ ಎರಡು ಬೆರಳಿನಷ್ಟು ಕೂದಲನ್ನು ಸಡಿಲ ಬಿಟ್ಟು ಸುತ್ತಿದರೆ ನೆತ್ತಿಗೆ ಎಳೆತ ಬೀಳುವುದಿಲ್ಲ, ನೆತ್ತಿಯ ಪಸೆಯೂ ಬೇಗ ಆರುತ್ತದೆ.